ಇಂಗ್ಲಿಷ್ ಪದಗಳು ತಲೆಗೆ ಹತ್ತುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಕೇರಳದ ಗಡಿಯ ಮಂಜೇಶ್ವರ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಬಿಎ ಇಂಗ್ಲಿಷ್ ಮೊದಲ ವರ್ಷ. ದಿನಕ್ಕೆ ಇಪ್ಪತ್ತು ಇಂಗ್ಲಿಷ್ ಪದ, ಎದುರಿಗೆ ಕನ್ನಡ ಅರ್ಥ ಬರೆದು ಬಾಯಿಪಾಠ ಮಾಡುತ್ತೇನೆ. ವಾರ ಕಳೆದರೆ ಅರ್ಧ ಮರೆತಿರುತ್ತದೆ. ನೆನಪಿದ್ದದ್ದನ್ನು ಬಳಸಿದರೆ ಅದರ ಕೆಳಗೆ ಕೆಂಪು ಗೆರೆ. ಈಗ ಪಾಲಿಸೆಮಿ, ಹೋಮೋನಿಮಿ ಅಂತ ಬೇರೆ ಶುರುವಾಗಿದೆ. ಕ್ಲಾಸಿನಲ್ಲಿ ಅರ್ಥವಾಗದ್ದನ್ನು ಮಲಯಾಳದಲ್ಲಿ ವಿವರಿಸುತ್ತಾರೆ, ನನಗೆ ಅದೂ ಅಷ್ಟಕ್ಕಷ್ಟೆ. ಒಟ್ಟಿನಲ್ಲಿ ಏನೂ ತಲೆಗೆ ಹತ್ತುತ್ತಿಲ್ಲ.

ಉತ್ತರ: ನಿಮ್ಮ ಕೊನೆಯ ವಾಕ್ಯದಿಂದಲೇ ಶುರು ಮಾಡೋಣ. ‘ತಲೆಗೆ ಹತ್ತುತ್ತಿಲ್ಲ’ ಅಂದಿರಿ. ಹತ್ತು ಅಂದರೆ ಏನು? ಮರ ಹತ್ತುತ್ತೇವೆ, ಕುಂಬಳೆಯಲ್ಲಿ ಬಸ್ಸು ಹತ್ತುತ್ತೇವೆ. ಸೌದೆಗೆ ಬೆಂಕಿ ಹತ್ತುತ್ತದೆ, ಕಣ್ಣಿಗೆ ನಿದ್ದೆ ಹತ್ತುತ್ತದೆ, ಹಲಸಿನ ಮೇಣ ಕೈಗೆ ಹತ್ತುತ್ತದೆ. ಪಾಠ ಮಾತ್ರ ತಲೆಗೆ ಹತ್ತುವುದಿಲ್ಲ. ಇವೆಲ್ಲ ಒಂದಕ್ಕೊಂದು ನಂಟಿರುವ ಅರ್ಥಗಳು. ಒಂದೇ ಬಳ್ಳಿಯ ಕುಡಿಗಳು ಅನ್ನಿ. ಇದೇ ಪಾಲಿಸೆಮಿ. ಆದರೆ ನಿಮ್ಮ ‘ಹತ್ತನೇ ಕ್ಲಾಸಿ’ನ ಹತ್ತಕ್ಕೂ ಮರ ಹತ್ತುವುದಕ್ಕೂ ಸಂಬಂಧವೇ ಇಲ್ಲ. ಹೆಸರು ಒಂದೇ, ಮನೆತನ ಬೇರೆ. ಅದು ಹೋಮೋನಿಮಿ. ‘ಹತ್ತು ಜನ ಬಸ್ಸು ಹತ್ತಿದರು’ ಅನ್ನೋ ವಾಕ್ಯ ನೆನಪಿಟ್ಟುಕೊಳ್ಳಿ, ಪರೀಕ್ಷೆಯಲ್ಲಿ ಎರಡೂ ಗೊಂದಲವಾಗುವುದಿಲ್ಲ.

ಇಂಗ್ಲಿಷ್ ಉದಾಹರಣೆ ಬೇಕಾದರೆ ‘ಬಾರ್ಕ್’ ಬರೆಯಿರಿ. ನಾಯಿ ಬೊಗಳುವುದು ಒಂದು, ಮರದ ತೊಗಟೆ ಇನ್ನೊಂದು, ಎರಡರ ಮೂಲವೂ ಬೇರೆ. ಎಲ್ಲರೂ ಬರೆಯುವ ‘ಬ್ಯಾಂಕ್’ ನನಗೆ ಅಷ್ಟು ಇಷ್ಟವಿಲ್ಲ. ಹೊಳೆಯ ದಂಡೆ ಮತ್ತು ದುಡ್ಡಿನ ಬ್ಯಾಂಕ್ ಇವತ್ತು ಬೇರೆಬೇರೆ ಪದಗಳೇ, ನಿಜ. ಆದರೆ ಹಿಂದಕ್ಕೆ ಹೋದರೆ ಎರಡೂ ಒಂದೇ ಜರ್ಮಾನಿಕ್ (ಇಂಗ್ಲಿಷ್, ಜರ್ಮನ್‌ಗಳ ಭಾಷಾ ಕುಟುಂಬ) ಮೂಲಕ್ಕೆ ಸೇರುತ್ತವೆ. ಬರೆದರೆ ಮಾರ್ಕು ಸಿಗುತ್ತದೆ, ಅಡ್ಡಿಯಿಲ್ಲ.

ಇನ್ನು ಬಾಯಿಪಾಠದ ವಿಷಯ. ನಿಮ್ಮ ನೆನಪಿನ ಶಕ್ತಿಯಲ್ಲಿ ಏನೂ ತೊಂದರೆಯಿಲ್ಲ, ತೊಂದರೆ ಇರುವುದು ‘ಎದುರಿಗೆ ಕನ್ನಡ ಅರ್ಥ’ ಅನ್ನುವುದರಲ್ಲಿ. ‘ರೈಸ್’ ಎದುರಿಗೆ ಏನು ಬರೆಯುತ್ತೀರಿ? ಅಕ್ಕಿಯಾ, ಅನ್ನವಾ? ಗದ್ದೆಯಲ್ಲಿರುವ ಭತ್ತಕ್ಕೂ ಇಂಗ್ಲಿಷಿನವರು ಒಮ್ಮೊಮ್ಮೆ ರೈಸ್ ಅಂತಲೇ ಹೇಳುತ್ತಾರೆ. ನಮಗೆ ಮೂರು ಪದ. ಮಲಯಾಳದವರಿಗೂ ಮೂರು: ನೆಲ್ಲ್, ಅರಿ, ಚೋರ್. ಅನ್ನ ತಿನ್ನುವ ಊರಿನವರು ಅದನ್ನು ಮೂರು ತುಂಡು ಮಾಡಿಕೊಂಡಿದ್ದಾರೆ, ಇಂಗ್ಲಿಷಿನವರಿಗೆ ಆ ಅಗತ್ಯ ಬೀಳಲಿಲ್ಲ. ಒಂದು ಭಾಷೆಯ ಪದದ ಬೇಲಿ ಇನ್ನೊಂದು ಭಾಷೆಯ ಬೇಲಿಗೆ ಸರಿಯಾಗಿ ಕೂರುವುದೇ ಇಲ್ಲ.

ಇದು ಗಡಿಯವರಾದ ನಮಗೆ ಬೇರೆಯವರಿಗಿಂತ ಬೇಗ ಗೊತ್ತಾಗಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಲಯಾಳಿ ಸಹೋದ್ಯೋಗಿಯೊಬ್ಬರು ಒಂದು ಅರ್ಜಿ ತಂದು ಮುಂದಿಟ್ಟು ‘ನಲ್ಲ ಅವಸರಂ’ ಅಂದರು. ತುಂಬಾ ಅವಸರವಂತೆ ಅಂದುಕೊಂಡು ಗಡಿಬಿಡಿಯಲ್ಲಿ ಅರ್ಧಂಬರ್ಧ ತುಂಬಿ, ಫೋಟೋ ಕೂಡ ಅಂಟಿಸದೆ ಕಳಿಸಿಬಿಟ್ಟೆ. ಅದು ವಾಪಸ್ ಬಂತು. ಅವರು ಹೇಳಿದ್ದು ‘ಒಳ್ಳೆಯ ಅವಕಾಶ’ ಅಂತ! ಸಂಸಾರ ನಮಗೆ ಮನೆ-ಮಕ್ಕಳು, ಮಲಯಾಳಿಗಳಿಗೆ ಮಾತುಕತೆ. ಉಪನ್ಯಾಸ ನಾವು ಕೇಳುವಂಥದ್ದು, ಅವರು ಬರೆಯುವಂಥದ್ದು, ಅಂದರೆ ಪ್ರಬಂಧ. ಮೂರೂ ಸಂಸ್ಕೃತದಿಂದ ಬಂದವು, ಚಂದ್ರಗಿರಿ ಹೊಳೆಯ ಆಚೆ ಈಚೆ ಅರ್ಥ ಬೇರೆ. ಇಂಥವಕ್ಕೆ ಇಂಗ್ಲಿಷಿನಲ್ಲಿ ‘ಫಾಲ್ಸ್ ಫ್ರೆಂಡ್ಸ್’ ಅಂತಾರೆ. ಕ್ಲಾಸಿನಲ್ಲಿ ಮಲಯಾಳ ಕೇಳಿ ಬೇಜಾರು ಮಾಡಿಕೊಳ್ಳುವ ಬದಲು ಪಕ್ಕದ ಹುಡುಗಿಯ ಹತ್ತಿರ ಇಂಥ ಪದ ಕೇಳಿ ಬರೆದುಕೊಳ್ಳಿ. ಪುಕ್ಕಟೆ ಸೆಮ್ಯಾಂಟಿಕ್ಸ್ (ಅರ್ಥದ ಅಧ್ಯಯನ) ಪಾಠ.

ಹಾಗಾದರೆ ಅರ್ಥ ಗೊತ್ತಾಗುವುದು ಹೇಗೆ? ಬ್ರಿಟಿಷ್ ಭಾಷಾ ವಿದ್ವಾಂಸ ಜೆ.ಆರ್. ಫರ್ತ್ 1957ರಲ್ಲಿ ಹೇಳಿದ ಮಾತನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಪದದ ಸಹವಾಸ ನೋಡಿದರೆ ಪದ ಗೊತ್ತಾಗುತ್ತದೆ. ಪದಗಳು ಹೀಗೆ ಜೊತೆಯಾಗಿ ಬರುವುದಕ್ಕೆ ಕೊಲೊಕೇಷನ್ ಅಂತ ಹೆಸರು. ನಾವು ಗಮನ ‘ಕೊಡುತ್ತೇವೆ’, ಇಂಗ್ಲಿಷಿನವರು ‘ಪೇ ಅಟೆನ್ಷನ್’ ಅನ್ನುತ್ತಾರೆ. ನಮ್ಮಲ್ಲಿ ಮಳೆ ಜೋರು, ಅವರಲ್ಲಿ ಅದು ‘ಹೆವಿ’. ಟೀ ‘ಸ್ಟ್ರಾಂಗ್’ ಆಗಬಹುದು, ‘ಪವರ್‌ಫುಲ್’ ಆಗುವುದಿಲ್ಲ. ಯಾಕೆ ಅಂತ ಕೇಳಬೇಡಿ, ಹೇಳುವ ರೂಢಿ ಹಾಗೆ.

ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅಂತಾರಲ್ವಾ, ಪದಗಳೂ ಕೆಡುತ್ತವೆ. ‘ಕಾಸ್’ ಅಂದರೆ ಉಂಟುಮಾಡು, ಡಿಕ್ಷನರಿಯಲ್ಲಿ ಸುಮ್ನೆ ಅಷ್ಟೇ. ಆದರೆ ಅದರ ಪಕ್ಕ ಜಾಸ್ತಿ ಕೂತಿರುವುದು ನಷ್ಟ, ಅಪಘಾತ, ತೊಂದರೆ, ಸಾವು. ಅದಕ್ಕೇ ‘ನನ್ನ ರ‍್ಯಾಂಕ್ ಅಮ್ಮನಿಗೆ ಸಂತೋಷ ಕಾಸ್ ಮಾಡಿತು’ ಅಂತ ಬರೆದರೆ ಕಿವಿಗೆ ಚುಚ್ಚುತ್ತದೆ. ನಿಮ್ಮ ಕೆಂಪು ಗೆರೆಗಳಲ್ಲಿ ಹೆಚ್ಚಿನವು ಇಂಥವೇ ಅಂತ ನನ್ನ ಅಂದಾಜು. ಒಮ್ಮೆ ತೆಗೆದು ನೋಡಿ.

ಆದ್ದರಿಂದ ಇಪ್ಪತ್ತು ಪದ ಬಿಡಿ, ಐದು ಸಾಕು. ಒಂದೊಂದನ್ನೂ ಅದರ ಜೊತೆಗಾರರ ಸಮೇತ ಬರೆಯಿರಿ. ‘ಡಿಸಿಷನ್’ ಅಂತ ಒಂಟಿಯಾಗಿ ಬೇಡ, ‘ಮೇಕ್ ಎ ಡಿಸಿಷನ್’ ಅಂತ. ಕೆಳಗೆ ಓದುವಾಗ ಸಿಕ್ಕ ಎರಡು ವಾಕ್ಯ, ನಿಮ್ಮದೇ ಒಂದು ವಾಕ್ಯ. ಕನ್ನಡ ಅರ್ಥ ಬೇಡವೆಂದಲ್ಲ, ಅದು ಮೊದಲ ದಿನದ ಊರುಗೋಲು. ಯಾವ ಪದ ಅಂತ ಆರಿಸಲು ಆವರಿಲ್ ಕಾಕ್ಸ್‌ಹೆಡ್ ಅವರು 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ನೋಡಿ. ಅದರಲ್ಲಿರುವುದು 570 ಪದಕುಟುಂಬಗಳು (ಒಂದು ಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ), ಕಾಲೇಜಿನ ಯಾವ ವಿಷಯದ ಪುಸ್ತಕ ತೆರೆದರೂ ಕಣ್ಣಿಗೆ ಬೀಳುವಂಥವು. ದಿನಕ್ಕೆ ಐದರಂತೆ ನಾಲ್ಕು ತಿಂಗಳೊಳಗೆ ಮುಗಿಯುತ್ತದೆ.

ಪ್ರಶ್ನೆ: ಪದದ ಮೂಲ ಗೊತ್ತಿದ್ದರೆ ಅರ್ಥ ನೆನಪಿರುತ್ತದೆಯೇ? (ಬದಿಯಡ್ಕದ ಓದುಗರು)

ಉತ್ತರ: ನೆನಪಿಗೆ ಒಳ್ಳೆಯದು, ಅರ್ಥಕ್ಕೆ ಪೂರ್ತಿ ನಂಬಬೇಡಿ. ನಮ್ಮ ತೋಟದಲ್ಲೇ ನೋಡಿ. ಇಂಗ್ಲಿಷಿನ ‘ಅರಿಕಾ’ (ಅಡಿಕೆ) ಬಂದದ್ದು ಮಲಯಾಳದ ಅಡಕ್ಕದಿಂದ, ‘ಕಾಯರ್’ (ತೆಂಗಿನ ನಾರು) ಬಂದದ್ದು ಕಯರಿನಿಂದ, ‘ಬೀಟಲ್’ ಬಂದದ್ದು ವೆಟ್ಟಿಲದಿಂದ. ಪೋರ್ಚುಗೀಸರು ಹೊತ್ತೊಯ್ದ ಪದಗಳು. ‘ಜ್ಯಾಕ್‌ಫ್ರೂಟ್’ನ ಜ್ಯಾಕ್ ಕೂಡ ಚಕ್ಕವೇ, ಯಾವ ದೊರೆಯ ಹೆಸರೂ ಅಲ್ಲ. ಈಗ ತಮಾಷೆ: ವೆಟ್ಟಿಲ ಅಂದರೆ ವೀಳ್ಯದೆಲೆ. ಆದರೂ ಇಂಗ್ಲಿಷಿನವರು ಅಡಿಕೆಗೆ ‘ಬೀಟಲ್ ನಟ್’ ಅನ್ನುತ್ತಾರೆ, ಎಲೆಯ ಜೊತೆ ಜಗಿಯುತ್ತಾರಲ್ಲ ಅಂತ. ಅಡಿಕೆಗೆ ಎಲೆಯ ಹೆಸರು ಬಂದದ್ದೂ ಸಹವಾಸದಿಂದಲೇ.