ಫೀಲ್ಡ್‌ವರ್ಕ್ ಮುಗಿದ ಮೇಲೆ ಆ ಜನರ ಜೊತೆಗಿನ ಸಂಬಂಧ ಹೇಗೆ ಮುಗಿಸುವುದು?

ಫೀಲ್ಡ್‌ವರ್ಕ್ ಅಂದರೆ ಸಂಶೋಧನೆಗೆ ಅಂತ ಜನರ ನಡುವೆ ಇದ್ದು ಮಾಹಿತಿ ಕಲೆಹಾಕುವುದು. ಅದು ಮುಗಿದ ಮೇಲೆ ಯಾರಿಗೂ ಬೇಸರ ಆಗದ ಹಾಗೆ ಹೊರಡುವುದು ಹೇಗೆ ಅಂತ ಕೇಳಿದ್ದೀರಿ. ನನ್ನ ಪಿಎಚ್‌ಡಿ ದಕ್ಷಿಣ ಕನ್ನಡದ ಬೀಡಿ ಕಟ್ಟುವ ಹೆಂಗಸರ ಬಗ್ಗೆ. ಹೊರಡುವ ಮುಂಚೆ ನಾನೂ ಇದಕ್ಕೇ ತಲೆ ಕೆಡಿಸಿಕೊಂಡಿದ್ದೆ. ಮನೆ ಮನೆಗೆ ಹೋಗಿ ಸ್ವೀಟ್ ಕೊಟ್ಟೆ. ಅವರು ತೊಡೆ ಮೇಲಿನ ಗೆರಸೆ ಇಳಿಸದೆಯೇ "ಆಯ್ತು ಟೀಚರ್, ಒಳ್ಳೆದಾಗ್ಲಿ" ಅಂದರು. ಹೊತ್ತಿಗೆ ಸರಿಯಾಗಿ ಬೀಡಿ ಬ್ರಾಂಚಿಗೆ, ಅಂದರೆ ಕಟ್ಟಿದ ಬೀಡಿ ತೆಗೆದುಕೊಳ್ಳುವ ಜಾಗಕ್ಕೆ, ಮುಟ್ಟಬೇಕಲ್ವಾ.

ಎಡವಟ್ಟಾಗಿದ್ದು ಬೇರೆ ಕಡೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ಸ್ಕಾಲರ್‌ಶಿಪ್ ಇದೆ, ಅರ್ಜಿ ಆನ್‌ಲೈನ್. ನಾನೇ ಲ್ಯಾಪ್‌ಟಾಪ್‌ನಲ್ಲಿ ತುಂಬಿಕೊಡುತ್ತಿದ್ದೆ. ಒಬ್ಬ ಹುಡುಗಿಯ ಅಮ್ಮನ ಫೋನಿಗೆ ರೀಚಾರ್ಜ್ ಇರಲಿಲ್ಲ, ಒಟಿಪಿ ಬರಲಿಲ್ಲ, ಕೊನೇ ದಿನ ಬೇರೆ, ನನ್ನ ನಂಬರ್ ಹಾಕಿಬಿಟ್ಟೆ. ಆಮೇಲೆ ಬದಲಿಸಬಹುದಿತ್ತು. ಬದಲಿಸಲಿಲ್ಲ. ಮರೆತೆ ಅಂದರೆ ಸುಳ್ಳಾಗುತ್ತದೆ. ನಂಬರ್ ನನ್ನದಿದ್ದರೆ ಆ ಮನೆಗೆ ನಾನು ಬೇಕಾಗುತ್ತೇನೆ, ಬೇಕಾದರೆ ಮಾತು ಸಿಗುತ್ತದೆ ಅನ್ನುವ ಲೆಕ್ಕ ಒಳಗೆಲ್ಲೋ ಇತ್ತು. ಬೇರೆ ರಾಜ್ಯಕ್ಕೆ ಹೋದೆ, ಆ ಸಿಮ್ ಬಂದ್ ಆಯಿತು. ಮರುವರ್ಷ ರಿನೀವಲ್‌ಗೆ ಕೂತರೆ ಒಟಿಪಿ ಅದೇ ನಂಬರಿಗೆ, ನನಗೆ ಫೋನ್ ಮಾಡೋಣ ಅಂದರೂ ಅವರ ಹತ್ತಿರ ಇದ್ದದ್ದು ಅದೇ ನಂಬರ್. ಆ ವರ್ಷದ ದುಡ್ಡು ಹೋಯಿತು. ಥೀಸಿಸ್ಸಿನ ಒಂದು ಅಧ್ಯಾಯಕ್ಕೆ ಇನ್ನಷ್ಟು ಮಾತು ಬೇಕು ಅಂತ ಮತ್ತೆ ಹೋದಾಗ ವಿಷಯ ಗೊತ್ತಾಯಿತು. ಯಾರೂ ಬೈಯಲಿಲ್ಲ. "ಪುರ್ಸೊತ್ತಿಲ್ಲ ಟೀಚರ್" ಅಂದರು, ಅಕ್ಕಪಕ್ಕದವರೂ ಅದನ್ನೇ ಅಂದರು. ಅಧ್ಯಾಯ ಕೈಬಿಟ್ಟೆ.

ಹಾಗಾಗಿ ಸಂಬಂಧ ಮುಗಿಸುವ ವಿಧಾನ ಹುಡುಕಲೇಬೇಡಿ, ಅದು ನಿಮ್ಮೊಬ್ಬರ ಕೈಲಿಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ತಿರದ ಹಳ್ಳಿಯಲ್ಲಿದ್ದು ಬಂದವರು 1952ರಲ್ಲಿ ಮತ್ತೆ ಹೋದರು. ನಡುವೆ ಯಾರೂ ಅವರಿಗೆ ವಾಟ್ಸಾಪ್ ಮಾಡುತ್ತಿರಲಿಲ್ಲ. ನಿಮಗೆ ಮಾಡುತ್ತಾರೆ. ಸಂಶೋಧನೆಗೆ ಅಂತ ನಾನು ಆ ಹೆಂಗಸರಿಂದ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರದಲ್ಲಿ, ಹೊರಟ ಮೇಲಿನ ಈ ಸಂಪರ್ಕದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಯಾವ್ಯಾವ ಮನೆಯ ಯಾವ್ಯಾವ ಕೆಲಸ ನಿಮ್ಮಿಂದ ನಡೆಯುತ್ತಿದೆ ಅಂತ ಇವತ್ತೇ ಬರೆದುಕೊಳ್ಳಿ. ಅರ್ಜಿ, ಆಸ್ಪತ್ರೆ ಓಡಾಟ, ಮಗುವಿನ ಇಂಗ್ಲಿಷ್ ಪಾಠ, ಕೈಸಾಲ, ಎಲ್ಲ. ಒಂದೊಂದನ್ನೂ ಊರಲ್ಲೇ ಇರುವವರಿಗೆ ದಾಟಿಸಿ, ನೀವು ಅಲ್ಲಿರುವಾಗಲೇ ಅವರ ಕೈಲಿ ಒಂದು ಸಲ ಮಾಡಿಸಿ. ಹಬ್ಬಕ್ಕೆ ಬರ್ತೀನಿ ಅಂತ ಸುಮ್ನೆ ಹೇಳಬೇಡಿ. ಥೀಸಿಸ್ ಪ್ರತಿಯನ್ನಂತೂ ಕೊಡಬೇಡಿ, ಯಾರೂ ಓದಲ್ಲ. ತೆಗೆದ ಫೋಟೋ ಪ್ರಿಂಟ್ ಹಾಕಿಸಿ ಕೊಡಿ, ಲ್ಯಾಮಿನೇಟ್ ಮಾಡಿಸಿದರೆ ಇನ್ನೂ ಒಳ್ಳೆಯದು, ಮಳೆಗಾಲದಲ್ಲಿ ಬೂಷ್ಟು ಹಿಡಿಯಲ್ಲ.