ಸಂಧಿವಾತದ ಮಾತ್ರೆ ಮತ್ತು ಕಣ್ಣು

ಪ್ರಶ್ನೆ: 50 ಕೆ.ಜಿ. ತೂಕದ ನಮ್ಮ ತಾಯಿ ಸಂಧಿವಾತಕ್ಕೆಂದು ಆರು ವರ್ಷಗಳಿಂದ ದಿನಕ್ಕೆ 200 ಮಿ.ಗ್ರಾಂ. ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವಿಸುತ್ತಿದ್ದಾರೆ. ಅದರಿಂದ ಕಣ್ಣು ಹೋಗುತ್ತದೆಂದು ನೆರೆಮನೆಯವರು ಹೆದರಿಸಿದ್ದಾರೆ. ಮಾತ್ರೆ ನಿಲ್ಲಿಸಬೇಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಅಮೆರಿಕದಲ್ಲಿ 2,361 ರೋಗಿಗಳನ್ನು ಕುರಿತು ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿ.ಗ್ರಾಂ. ಮೀರದವರಲ್ಲಿ ರೆಟಿನಾಕ್ಕೆ (ಕಣ್ಣಿನ ಹಿಂಭಾಗದ, ಬೆಳಕು ಗ್ರಹಿಸುವ ಪದರಕ್ಕೆ) ಹಾನಿಯಾಗುವ ಸಂಭವ ಮೊದಲ ಹತ್ತು ವರ್ಷ ಶೇ. 2ಕ್ಕಿಂತ ಕಡಿಮೆಯಿದ್ದು, ಇಪ್ಪತ್ತು ವರ್ಷಗಳ ನಂತರ ಶೇ. 20ರ ಸಮೀಪಕ್ಕೆ ಏರುತ್ತದೆ. ತಾಯಿಯವರದು ಕಿಲೋಗೆ 4 ಮಿ.ಗ್ರಾಂ. ಮಾತ್ರ, ಮೂತ್ರಪಿಂಡದ ತೊಂದರೆಯಿದ್ದರೆ ಲೆಕ್ಕ ಬೇರೆ. ಓದುವಾಗ ಸಾಲಿನ ನಡುವೆ ಒಂದೆರಡು ಅಕ್ಷರ ಮಾಯವಾಗುವ ಹೊತ್ತಿಗೆ ಹಾನಿ ಮುಂದುವರಿದಿರುತ್ತದೆ, ಅದು ಮರಳಿ ಸರಿಹೋಗದು. ಆದ್ದರಿಂದ ಐದು ವರ್ಷ ದಾಟಿದವರು ಪ್ರತಿವರ್ಷ ಒಸಿಟಿ ಸ್ಕ್ಯಾನ್ (ಬೆಳಕಿನ ಕಿರಣದಿಂದ ರೆಟಿನಾದ ಪದರಗಳ ಚಿತ್ರ ತೆಗೆಯುವುದು) ಹಾಗೂ ದೃಷ್ಟಿಕ್ಷೇತ್ರ ಪರೀಕ್ಷೆ (ನೋಟದ ಯಾವ ಭಾಗ ಕಾಣುತ್ತಿಲ್ಲವೆಂದು ಪತ್ತೆಹಚ್ಚುವುದು) ಮಾಡಿಸಬೇಕು. ಗೋಡೆಯ ಫಲಕದ ಅಕ್ಷರ ಓದಿಸಿ ಕಳುಹಿಸುವ ತಪಾಸಣೆ ಇಲ್ಲಿ ಸಾಲದು.