47,500ರ ಮಾರುತಿಯನ್ನೂ ಈಗಿನ ಆಲ್ಟೋವನ್ನೂ ಒಂದೇ ತಕ್ಕಡಿಗೆ ಹಾಕೋದು ಹೇಗೆ

ಪಿಂಪ್ರಿಯಿಂದ ಕೇಳಿದವರಿಗೆ. 1983ರಲ್ಲಿ ಐವತ್ತು ಸಾವಿರದೊಳಗೆ ಸಿಗುತ್ತಿದ್ದ ಮಾರುತಿ 800 ಎಲ್ಲಿ, ಪುಣೆಯಲ್ಲಿ ರಸ್ತೆಗಿಳಿಯುವ ಹೊತ್ತಿಗೆ ನಾಲ್ಕು ಲಕ್ಷ ದಾಟುವ ಆಲ್ಟೋ ಕೆ10 ಎಲ್ಲಿ, ಇದು ಸುಲಿಗೆ ಅಲ್ಲವೇ ಅಂದಿದ್ದೀರಿ. ಅಲ್ಲ, ಚಿಕ್ಕ ಗಾಡಿ ಅಗ್ಗವೇ ಆಗಿದೆ. ನೀವೇ ಲೆಕ್ಕ ಹಾಕಿ ನೋಡಬಹುದು.

ಆದಾಯ ತೆರಿಗೆಯವರ ವೆಚ್ಚ ಹಣದುಬ್ಬರ ಸೂಚ್ಯಂಕ ತೆಗೆದುಕೊಳ್ಳಿ, ಅಂದರೆ ಬೆಲೆ ಏರಿಕೆ ತೋರಿಸಲು ವರ್ಷವರ್ಷಕ್ಕೂ ಕೊಡುವ ಅಂಕಿ. 1983-84ಕ್ಕೆ 116, 2025-26ಕ್ಕೆ 376. ಬಹಳ ಮಂದಿ ಎಡವೋದು ಇಲ್ಲೇ: 376ನ್ನು ನೇರ 116ರಿಂದ ಭಾಗಿಸಿ ಮೂರೂ ಕಾಲು ಪಟ್ಟು ಅಂತ ಹೇಳಿಬಿಡುತ್ತಾರೆ. ಎರಡೂ ಬೇರೆ ಬೇರೆ ಸರಣಿಯ ಅಂಕಿ. ಹಳೇ ಸರಣಿಯಲ್ಲಿ 2001-02 ಅಂದರೆ 426, ಹೊಸದರಲ್ಲಿ ಅದೇ ವರ್ಷ 100. ಹಾಗಾಗಿ ಮೊದಲು 426 ಭಾಗಿಸು 116, ಅಂದರೆ 3.67, ಅದನ್ನು 3.76ರಿಂದ (376 ಭಾಗಿಸು 100) ಗುಣಿಸಿದರೆ 13.8. ಈಗ 47,500 ಗುಣಿಸು 13.8, ಸುಮಾರು 6.55 ಲಕ್ಷ. ಈ ಸೂಚ್ಯಂಕ ಗ್ರಾಹಕ ಬೆಲೆ ಏರಿಕೆಯ ಮುಕ್ಕಾಲು ಪಾಲನ್ನಷ್ಟೇ ಹಿಡಿಯುವುದರಿಂದ ನಿಜವಾದ ಮೊತ್ತ ಇನ್ನೂ ಮೇಲೆ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ 18%ಗೆ ಇಳಿದ ಮೇಲೆ ಕೆ10ನ ತಳ ಮಾದರಿಯ ಎಕ್ಸ್-ಶೋರೂಂ ಬೆಲೆ, ಅಂದರೆ ರಸ್ತೆ ತೆರಿಗೆ, ವಿಮೆ ಸೇರದ ಬೆಲೆ, 3,69,900.

ಬಂಗಾರದಲ್ಲಿ ಅಳೆಯೋ ಚಾಳಿ ಬಿಡಿ. ಆಗ ಹತ್ತು ಗ್ರಾಂ ಸುಮಾರು 1,800 ಇತ್ತು, ಅಂದರೆ ಒಂದು 800ಕ್ಕೆ ಹತ್ತಿರ ಹತ್ತಿರ 264 ಗ್ರಾಂ. ಇವತ್ತು ಅಷ್ಟು ಬಂಗಾರ ಮಾರಿದರೆ ಇಪ್ಪತ್ತಾರು ಲಕ್ಷಕ್ಕೂ ಮೇಲೆ. ಅದು ಬಂಗಾರ ಓಡಿದ ಕಥೆ, ಗಾಡಿಯದ್ದಲ್ಲ.

ಇನ್ನು ಆ ರೊಕ್ಕಕ್ಕೆ ಬರುತ್ತಿದ್ದದ್ದೇನು? 796 ಸಿಸಿ, ಕಾರ್ಬ್ಯುರೇಟರ್, ನಾಲ್ಕೇ ಗೇರು. ಈಗ 998 ಸಿಸಿ, ಎಬಿಎಸ್, ಆರು ಏರ್‌ಬ್ಯಾಗ್. ತಳ ಮಾದರಿಗೆ ಎಸಿ ಇಲ್ಲ ಅನ್ನೋದು ನೆನಪಿರಲಿ. ಎಸಿ ಬೇಕಾದರೆ ಅದರ ಮೇಲಿನ ಎಲ್‌ಎಕ್ಸ್‌ಐ ಮಾದರಿಯ ಬೆಲೆ ಹಿಡಿದು ಲೆಕ್ಕ ಮಾಡಿ.

ಹಳೇ ಬಿಲ್ಲನ್ನೂ ಪೂರ್ತಿ ನಂಬಬೇಡಿ. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಗೆ ವರ್ಷಗಟ್ಟಲೆ ಕಾಯಬೇಕಿತ್ತು, ಕಾಯಲಾರದವರು ಬಿಲ್ಲಿನ ಮೇಲೆ ‘ಆನ್’ ಅಂತ ಹೆಚ್ಚಿನ ರೊಕ್ಕ ಕೊಡುತ್ತಿದ್ದರು. ಮಾರುತಿಗೂ 10,000 ಮುಂಗಡ ಕಟ್ಟಿ ಸರದಿಯಲ್ಲಿ ನಿಲ್ಲಬೇಕಿತ್ತು. ಆ ಮೇಲುರೊಕ್ಕ ಯಾವ ರಸೀದಿಯಲ್ಲೂ ಇಲ್ಲ. ಮುಂಬೈನ ಹಳೇ ಆನ್‌ರೋಡ್ ಲೆಕ್ಕದಲ್ಲಿ ಜಕಾತಿ (ಊರೊಳಗೆ ಬರುವ ಸರಕಿನ ಮೇಲಿನ ತೆರಿಗೆ) ಸೇರಿದೆಯೋ ಅಂತಲೂ ನೋಡಿ. ಅಲ್ಲಿ ಅದು ನಿಂತದ್ದು 2017ರ ಜುಲೈ 1ಕ್ಕೆ, ಜಿಎಸ್‌ಟಿ ಜೊತೆಗೇ.

ಪುಣೆಯಲ್ಲಿ ಈಗ ನಿಜಕ್ಕೂ ಭಾರವಾಗೋದು ಮೇಲಿನ ಖರ್ಚು. ಹತ್ತು ಲಕ್ಷದೊಳಗಿನ ಪೆಟ್ರೋಲ್ ಗಾಡಿಗೆ ರಸ್ತೆ ತೆರಿಗೆ 11%, ಅಂದರೆ ನಿಮ್ಮ ಆಲ್ಟೋಗೆ 40,689. ಕಂಪನಿ ಹೆಸರಲ್ಲಿ ತೆಗೆದರೆ 20%, ಹೆಸರು ಹಾಕಿಸುವ ಮುಂಚೆ ಯೋಚಿಸಿ. ಸಾವಿರ ಸಿಸಿಯೊಳಗಿನ ಹೊಸ ಗಾಡಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 6,521, ಅದು ಕಡ್ಡಾಯ, ಅದರ ಮೇಲೆ ತೆರಿಗೆ ಬೇರೆ. ಸ್ವಂತ ಹಾನಿಯ ವಿಮೆಯನ್ನು ಹೊರಗಡೆ ಮಾಡಿಸಿದರೂ ನಡೆಯುತ್ತೆ, ಷೋರೂಂನವರ ದರಕ್ಕೆ ಒಂದೇ ಸಲಕ್ಕೆ ಹೂಂ ಅನ್ನಬೇಡಿ.

ಬೆಳಗಾವಿಯಲ್ಲಿ ಕೊಂಡು ಇಲ್ಲಿ ಪುಣೆಯಲ್ಲಿ ಓಡಿಸ್ತೀನಿ ಅಂತ ಇನ್ನೊಬ್ಬರು ಬರೆದಿದ್ದಾರೆ. ಕರ್ನಾಟಕದಲ್ಲಿ ಐದು ಲಕ್ಷದೊಳಗಿನ ಗಾಡಿಗೇ 13%, ಮೇಲೆ ಸೆಸ್. ಉಳಿತಾಯ ಏನೂ ಇಲ್ಲ. ಸಾಲದ್ದಕ್ಕೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ತಂದು, ಇಲ್ಲಿಯ ತೆರಿಗೆ ಕಟ್ಟಿ, ಮರುನೋಂದಣಿ ಮಾಡಿಸಿ, ಅಲ್ಲಿ ಕಟ್ಟಿದ್ದರ ಮರುಪಾವತಿಗೆ ಬೇರೆ ಓಡಾಡಬೇಕು.

ಕೊಟೇಶನ್ ಕೈಗೆ ಬಂದಾಗ ಎಕ್ಸ್-ಶೋರೂಂ, ರಸ್ತೆ ತೆರಿಗೆ, ವಿಮೆ, ನೋಂದಣಿ, ಫಾಸ್ಟ್ಯಾಗ್ ಬೇರೆ ಬೇರೆ ಸಾಲಲ್ಲಿ ಬರೆಸಿ. ‘ಹ್ಯಾಂಡ್ಲಿಂಗ್’ ಅಂತ ಸಾಲು ಕಂಡರೆ ಅಲ್ಲೇ ಕಾಟು ಹೊಡೆಸಿ.